ಚಕ್ಕುಬಂದಿ

ದಫ್ತರ ಸುಟ್ಟ ದಿನ ಕಟ್ಟುಗಳನ್ನು ಎತ್ತೆತ್ತಿ ಕೊಟ್ಟವನು ನಾನೇ.
ಮೂವತ್ತಾರರ ಜುಲೈ, ತೊರ್ರೆಸೀಯಾ ಊರಿನ ಚೌಕ.
ಇನ್ನೂರು ವರ್ಷದ ಕ್ರಯಪತ್ರ, ಅಡಮಾನ, ಉಯಿಲು.
ತೊಗಲಿನ ಹಾಳೆ ಬೇಗ ಹೊತ್ತುವುದಿಲ್ಲ,
ಮೊದಲು ಮುದುಡುತ್ತದೆ, ಮಾಂಸ ಸೀದ ಹಾಗೆ ನಾರುತ್ತದೆ.
ನಾಯಿಗಳು ಬಂದು ಸುತ್ತ ಕೂತವು.

ಬಾಲ್ಬಿನೋ, ಹೇಸರಗತ್ತೆ ಹೊಡೆಯುವವನು, ಅಕ್ಷರ ಕಾಣದವನು,
ನನ್ನ ಕೈಯಿಂದ ಒಂದು ಹಾಳೆ ಕಿತ್ತು
‘ಇದರಲ್ಲಿ ನನ್ನಪ್ಪ ಇದ್ದಾನೇನು?’ ಎಂದ.
ಇದ್ದ. ಎಂಟನೇ ಸಾಲಿನಲ್ಲಿ ಸಾಲಗಾರನಾಗಿ,
ಕೆಳಗೆ ಅಡ್ಡ ಒಂದು ಉದ್ದ ಒಂದು
ಎರಡು ಗೀಟಾಗಿ.
ತೋರಿಸಿದೆ. ಗೀಟಿಗೆ ಮುತ್ತಿಟ್ಟು
ಬೆಂಕಿಗೆ ಹಾಕಿದ.

ಆಮೇಲಿನ ಒಂದು ವಾರ
ಬೇಕಾದ್ದನ್ನು ಹೇಗೆ ಕೇಳಬೇಕೆಂದೇ ಯಾರಿಗೂ ತಿಳಿಯಲಿಲ್ಲ.
ಕ್ಷೌರದವನು ಬಿಟ್ಟಿ ಬೋಳಿಸಿ
ಚಾಚಿದ ತನ್ನ ಕೈಯನ್ನು ತಾನೇ ನೋಡಿಕೊಂಡ.
ದಣಿಯಿಲ್ಲ, ಪಾದ್ರಿಯಿಲ್ಲ, ಪೊಲೀಸಿನವನ ಬೆಂಚು ಖಾಲಿ.
ಅದರ ಮೇಲೆ ಕೂರಲು ಮಾತ್ರ
ಮಕ್ಕಳಿಗೂ ಧೈರ್ಯ ಸಾಲದು.

ಎಂಟನೆಯ ದಿನ ಸಮಿತಿಯವರು ಬಂದರು:
‘ನಿನ್ನ ಅಕ್ಷರ ದುಂಡಗಿದೆ, ಚೀಟಿ ಬರೆದುಕೊಡು,
ತಲೆಗಿಷ್ಟು ರೊಟ್ಟಿ, ತಲೆಗಿಷ್ಟು ಎಣ್ಣೆ.’
ಮೊಹರು ಬೇಕಲ್ಲ? ಬೆಂಡಿನಲ್ಲಿ ಕೆತ್ತಿದೆವು.
‘ಒಡೆಯರಿಲ್ಲ’ ಎಂದು ಅದರ ಬರಹ.
ಆ ಮೊಹರಿಲ್ಲದೆ ಯಾರಿಗೂ ಉಪ್ಪಿಲ್ಲ.
ನಗು ಬಂತು. ನಗಲಿಲ್ಲ. ಮಸಿ ಕಲಸಿದೆ.

ಗುಡ್ಡದ ಮೇಲೆ ಎಮೆತೇರಿಯಾ,
ಹನ್ನೆರಡು ಬಾದಾಮಿ ಮರ, ಎರಡು ಆಡು.
‘ದಣಿಗೆ ಕೊಡಲಿಲ್ಲ, ಪಾದ್ರಿಗೆ ಕೊಡಲಿಲ್ಲ,
ನಿಮಗ್ಯಾಕೆ ಕೊಡಲಿ?’ ಎಂದು ಬಾಗಿಲಿಕ್ಕಿಕೊಂಡಳು.
ಸಮಿತಿ ರಾತ್ರಿಯಿಡೀ ಕೂತು ಕಿತ್ತಾಡಿತು:
ಸ್ವಾತಂತ್ರ್ಯದೊಳಗೆ ಮುದುಕಿಯ ‘ಒಲ್ಲೆ’ ಹಿಡಿಸುತ್ತದೋ ಇಲ್ಲವೋ?
ಇಬ್ಬರು ಅತ್ತರು. ಒಬ್ಬ ಪಿಸ್ತೂಲು ಮೇಜಿನ ಮೇಲಿಟ್ಟು
ಮತ್ತೆ ಜೇಬಿಗಿಳಿಸಿದ.
ಬೆಳಗಿನ ತೀರ್ಮಾನ: ಅವಳ ತಂಟೆ ಬೇಡ. ಅವಳಿಗೆ ಚೀಟಿಯೂ ಬೇಡ.

ಮೂರನೇ ರಾತ್ರಿ ಬಾಲ್ಬಿನೋ
ಉಗ್ರಾಣದ ಹಿಂಬಾಗಿಲಿಂದ ಏನೋ ಹೊತ್ತು ಗುಡ್ಡ ಹತ್ತಿದ.
ಮುಂಜಾನೆ ತೂಗಿದೆ: ಒಂದೂವರೆ ಸೇರು ಉಪ್ಪು ಕಡಿಮೆ.
ಲೆಕ್ಕದಲ್ಲಿ ತೋರಿಸಲಿಲ್ಲ.
ಕ್ರಾಂತಿ ಕಂಡೆಯಾ ಎಂದು ಇಲ್ಲಿ ಹುಡುಗರು ಕೇಳುತ್ತಾರೆ.
ಕಂಡೆ, ಒಂದೂವರೆ ಸೇರಿನಷ್ಟು.

ಮೂವತ್ತೆಂಟರ ವಸಂತಕ್ಕೆ ಸೈನ್ಯ ಬಂತು.
ಕ್ಯಾಪ್ಟನ್ನನಿಗೆ ಯಾರೋ ಹೇಳಿದ್ದರು:
ಕಾಗದ ಬೂದಿಯಾಗಿದೆ, ಗುಮಾಸ್ತ ಉಳಿದಿದ್ದಾನೆ,
ಹತ್ತೊಂಬತ್ತು ವರ್ಷ ನಕಲು ಮಾಡಿದ ತಲೆ.
ನಿಜ. ಮುನ್ನೂರ ನಲವತ್ತೊಂದು ಹೊಲ,
ಒಂದೊಂದರ ಚಕ್ಕುಬಂದಿಯೂ ನನಗೆ ಬಾಯಿಪಾಠ.
ಕುರ್ಚಿ ಕೊಟ್ಟರು. ಆಮೇಲೆ ಕುರ್ಚಿ ಕಸಿದರು.

ಧೀರನೆಂದು ಹೇಳಿಕೊಳ್ಳಲಾರೆ.
ಮೊದಲ ಒಂಬತ್ತು ಹೊಲ ಇದ್ದದ್ದಿದ್ದ ಹಾಗೇ ಒಪ್ಪಿಸಿದೆ.
ಎರಡು ಹಲ್ಲು ಹೋಗಿದ್ದವು.
ಹತ್ತನೆಯದರಿಂದ ನಾಲಿಗೆ ತಾನೇ ಹೊರಳಿತು:
‘ಪೂರ್ವಕ್ಕೆ ಮತೀಯಾಸನ ಹೊಲ,
ಮತೀಯಾಸನ ಹೊಲದ ಪೂರ್ವಕ್ಕೆ ವಿಧವೆಯ ಗೋಡೆ,
ಆ ಗೋಡೆಯ ಪೂರ್ವಕ್ಕೆ ಮೊದಲು ಹೇಳಿದ ಹೊಲ,
ಉತ್ತರಕ್ಕೆ ಸಿಯೆರ್ಥೋ ಗಾಳಿ,
ದಕ್ಷಿಣಕ್ಕೆ ಹೋದ ವರ್ಷ ಹರಿದಿದ್ದ ತೊರೆ.’
ಬರೆದುಕೊಂಡರು! ಅಂಕೆಯಿದ್ದರೆ ಏನನ್ನೂ ಬರೆದುಕೊಳ್ಳುವ ಜನ.
ಸರಪಣಿ ಹಿಡಿದು ಅಳೆಯಲು ಹೋದವರು
ಮೂರು ವಾರ ಸುತ್ತಿ ಸುತ್ತಿ ಅದೇ ಗೋಡೆಗೆ ಬಂದರಂತೆ.
ಅಷ್ಟರಲ್ಲಿ ನಾನು ಹಿಮ ದಾಟಿದ್ದೆ.

ಆ ಒಂಬತ್ತರಲ್ಲಿ ನಾಲ್ಕನೆಯದು
ಬಾದಾಮಿ ಗುಡ್ಡ.
ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಈಗ ತುಲೂಸಿನ ಕಚೇರಿಯ ಸಾಲಿನಲ್ಲಿ ನಿಂತಿದ್ದೇನೆ.
ವಾಸದ ಪರವಾನಗಿ, ಹದಿನಾರನೇ ಸಲ.
ಕಿಟಕಿಯಾಚೆಯ ಹುಡುಗಿಗೆ ನೆಗಡಿ.
ಫಾರಮ್ಮಿನ ತುದಿಯಲ್ಲಿ ಖಾಲಿ ಜಾಗ ತೋರಿಸಿ
‘ಇಲ್ಲಿ’ ಎನ್ನುತ್ತಾಳೆ.
ಲೇಖನಿ ಒಳ್ಳೆಯದು, ಮಸಿ ಸಲೀಸಾಗಿ ಇಳಿಯುತ್ತದೆ.
ಅಡ್ಡ ಒಂದು ಗೀಟು ಎಳೆದೆ,
ಉದ್ದ ಒಂದು.

‘ಬರೆಯಲು ಬರುವುದಿಲ್ಲವಾ ತಾತ?’

ಬರುತ್ತಿತ್ತಮ್ಮಾ,
ಬಹಳ ದುಂಡಗೆ.