ಹಾಲಿನ ಜೊತೆ ಬೇಡ

ಕೆಂದಿ ಕಂದು ಹಾಕಿದ ರಾತ್ರಿ
ಬರಿಗೈಯಲ್ಲೇ ಎಳೆದವನು ನಾನು.
ಆಮೇಲೆ ಸಂಜೆಸಂಜೆಗೆ ಜ್ವರ,
ಬೆಳಿಗ್ಗೆ ಏನೂ ಆಗದವನಂತೆ ಡೇರಿಯ ಕ್ಯಾನು.
ಒಂದೂವರೆ ವರ್ಷ. ಸೊಂಟವೆಂದರೆ
ತುಕ್ಕು ಹಿಡಿದ ಗೇಟು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಶಾಹೀನಾ ಡಾಕ್ಟ್ರು
ರಕ್ತದ ಚೀಟಿ ನೋಡಿ ಕೇಳಿದರು:
"ಮನೇಲಿ ದನ ಕಂದು ಹಾಕಿತ್ತಾ?"
ಅಲ್ಲಿಯವರೆಗೆ ಯಾರೂ
ದನದ ಸುದ್ದಿ ಎತ್ತಿರಲಿಲ್ಲ.

ಎರಡು ಬಗೆ ಗುಳಿಗೆ, ಆರು ವಾರ.
"ನಿಮ್ಮ ಮೈ ಕಾಯೋನ ಹೊಟ್ಟೆಯೊಳಗೇ
ಅಡಗಿ ಕೂತಿದೆ ಚೆಲುವಯ್ಯ, ಈ ಹುಳ.
ಒಂದು ಗುಳಿಗೆ ಅದರ ಒಲೆ ಆರಿಸುತ್ತೆ,
ಇನ್ನೊಂದು, ಅಡುಗೆಯ ಚೀಟಿ ಬರೆಯೋ ಕೈ ಹಿಡಿಯುತ್ತೆ.
ಬಿಸಿಲಿಗೆ ಹುಷಾರು. ಕಣ್ಣು ಹಳದಿಯಾದ್ರೆ ಓಡಿ ಬನ್ನಿ.
ಹಾಲಿನ ಜೊತೆ ಮಾತ್ರ ನುಂಗಬೇಡಿ."

ನನಗೆ!
ದುದ್ದದ ಸೊಸೈಟಿಯಲ್ಲಿ
ಹತ್ತೊಂಬತ್ತು ವರ್ಷ ಹಾಲು ಅಳೆದವನಿಗೆ!

ಮೊದಲ ದಿನವೇ ಉಚ್ಚೆ ಕಿತ್ತಳೆ ಬಣ್ಣ;
ಹೇಳಿದ್ದರು, ಆದರೂ ಬೆಚ್ಚಿದೆ.
ಒಂಬತ್ತನೇ ದಿನ ಜ್ವರ ಇಳಿಯಿತು.
"ಉಳಿದದ್ದು ಮುಂದಿನ ಸಲಕ್ಕೆ ಎತ್ತಿಡಿ" ಅಂದಳು ಇವಳು.
ಎತ್ತಿಡಲಿಲ್ಲ.
ದಿನಾ ಸಂಜೆ ನೀರಿನ ಲೋಟ ಹಿಡಿದು
ಕೊಟ್ಟಿಗೆಯ ಖಾಲಿ ಗೂಟದೆದುರು ನಿಂತು ನುಂಗಿದೆ.

ಕೆಂದಿಗೆ
ಯಾರೂ ಚೀಟಿ ಬರೆದಿರಲಿಲ್ಲ.