ಜಲಜಾಕ್ಷಕ್ಕನ ಪೆಟ್ಟಿಗೆ

ಬಂಗುಡೆ ವಾಸನೆಯ ಪುಟ್ಟ ಪೆಟ್ಟಿಗೆಯನ್ನು
ಟೇಬಲಿನ ಮೇಲೆ ಕುಕ್ಕಿ ಜಲಜಾಕ್ಷಕ್ಕ ಹೇಳಿದರು:
ಇದು ಹಾಳಾಗಿದೆ ಉಮ್ಮರ್, ನೋಡು.

ನೋಡಿದೆ. ಬ್ಯಾಟರಿ ಸರಿ, ಸಿಮ್ ಸರಿ,
ಸ್ಪೀಕರಿನ ಜಾಲರಿಯಲ್ಲಿ ಮೀನಿನ ಎರಡು ಹುರುಪೆ.
ನನ್ನ ಫೋನಿಂದ ಒಂದು ರೂಪಾಯಿ ಕಳಿಸಿದೆ.
'ಒರು ರೂಪ ಲಭಿಚ್ಚು' ಎಂದಿತು, ಸ್ಪಷ್ಟ,
ವಾರ್ತೆ ಓದುವವರ ಗಂಟಲಲ್ಲಿ.

ಮಲಯಾಳ ಬರುವುದಿಲ್ಲವಾ ಅಕ್ಕ?
ಬಾರದೆ ಎಂತ! ನಲವತ್ತು ವರ್ಷದಿಂದ
ಬಸ್ಸಿನ ಬೋರ್ಡು, ರೇಷನ್ನು, ಆಸ್ಪತ್ರೆ,
ಸೊಸೆಯೊಟ್ಟಿಗೆ ಜಗಳ ಕೂಡ ಅದರಲ್ಲೇ.
ಅರ್ಥ ಆಗ್ತದೆ ಮಾರಾಯ. ಲೆಕ್ಕ ಆಗುವುದಿಲ್ಲ.
ಮೀನು ಎಣಿಸುವುದು ತುಳುವಿನಲ್ಲಿ.
ದುಡ್ಡು ಎಣಿಸುವುದು, ಟೀಚರು ಬೆರಳ ಗಂಟಿಗೆ
ಹೊಡೆದು ಹೊಡೆದು ಕೂರಿಸಿದ ಮಗ್ಗಿಯಲ್ಲಿ.
ಇದು 'ಇರುನ್ನೂಟ್ಟಿ ಮುಪ್ಪತ್' ಅನ್ನುವಾಗ
ನಾನು ಒಳಗೆ ಹೋಗಿ ತಿರುಗಿಸಿ ತರುವಷ್ಟರಲ್ಲಿ
ಗಿರಾಕಿ ರೈಲುಹಳಿ ದಾಟಿರ್ತಾನೆ.

ಕಂಪೆನಿಗೆ ಫೋನು ಮಾಡಿದೆ. ಹುಡುಗಿ
ಹಿಂದಿಯಲ್ಲಿ ಪಿನ್‌ಕೋಡು ಕೇಳಿದಳು.
ಆರು, ಏಳು, ಒಂದು ಅಂದದ್ದೇ ತಡ,
ಉಳಿದ ಮೂರಂಕಿ ಅವಳಿಗೆ ಬೇಡವಾಯಿತು:
ಆ ಕಡೆಗೆ ಮಲಯಾಳ ಮಾತ್ರ, ಸರ್.

ತಲಪಾಡಿ ಗೇಟಿನಾಚೆ ನನ್ನ ಭಾವನ ಟಯರಂಗಡಿ.
ಅದರ ವಿಳಾಸ ಕೊಟ್ಟು ಹೊಸತು ತರಿಸಿ
ಹದಿನೆಂಟನೆಯ ದಿನ ಕುಂಬಳೆ ಮಾರ್ಕೆಟಿನಲ್ಲಿ ಒತ್ತಿದೆ:
'ಇನ್ನೂರ ಮೂವತ್ತು ರೂಪಾಯಿಗಳನ್ನು
ಯಶಸ್ವಿಯಾಗಿ ಸ್ವೀಕರಿಸಲಾಗಿದೆ.'

ಲಾಗಿದೆಯಾ? ಸ್ವೀಕರಿಸಿದ್ದು ಯಾರು, ನಾನಲ್ಲವಾ?
ನಕ್ಕರು. ಬೂತಾಯಿ ರಾಶಿಗೆ ನೀರು ಚಿಮುಕಿಸಿ
ಮತ್ತೊಮ್ಮೆ ಹೇಳಿಸು ಎಂದರು.
ಹೇಳಿಸಿದೆ, ನನ್ನದೇ ದುಡ್ಡಲ್ಲಿ.

ವಾರವಾಗಿಲ್ಲ, ಪುನಃ ಟೇಬಲಿನ ಮೇಲೆ ಬಂಗುಡೆ.
ಈಗ ಎಂತ ಅಕ್ಕ?
ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು:
ಭಾಷೆ ಒಳ್ಳೆದುಂಟು. ಆದರೆ
ಬಡ್ಡಿಯ ದಾಮುವಿಗೂ ಕನ್ನಡ ಗೊತ್ತುಂಟು.
ಎದುರಿನ ಕಟ್ಟೆಯಲ್ಲಿ ಕೂತು ಇಡೀ ದಿನ ಕೂಡಿಸುತ್ತಾನೆ,
ಸಂಜೆ ನನ್ನ ಒಟ್ಟು ನನಗಿಂತ ಮೊದಲು ಅವನ ಬಾಯಲ್ಲಿ.

ಮೆನುವಿನಲ್ಲಿ ಹನ್ನೊಂದು ಭಾಷೆ ಉಂಟು,
ಪಿಸುಮಾತು ಇಲ್ಲ.
ಸ್ವರ ಇಳಿಸುವ ಗುಂಡಿಗೂ ಒಂದು ಮಿತಿ,
ಅದಕ್ಕಿಂತ ಕೆಳಗೆ ಅದು ಇಳಿಯುವುದಿಲ್ಲ.
ಹಿಂದಿನ ಮುಚ್ಚಳ ಬಿಚ್ಚಿದೆ. ಒಂದು, ಎರಡು,
ಮೂರು, ನಾಲ್ಕನೆಯ ಸ್ಕ್ರೂ ತುಕ್ಕು.
ಮನೆಯಲ್ಲಿ ಬ್ಯಾರಿ ಆಡುವ ನಾನೂ
ಸ್ಕ್ರೂ ಎಣಿಸುವುದು ಅದೇ ಮಗ್ಗಿಯಲ್ಲಿ.
ಸ್ಪೀಕರಿನ ಬಾಯಿಗೆ ಹಳೆ ಬನಿಯನಿನ ತುಂಡು ತುರುಕಿದೆ.

ಒದ್ದೆ ಕೈಯಲ್ಲಿ ಕಿವಿಗೆ ಹಿಡಿದು ಕೇಳಿದರು.
ತಲೆಯಾಡಿಸಿದರು. ಎಷ್ಟಾಯಿತು?
ಐವತ್ತು ಎಂದೆ.
ಸೆರಗಿನ ಗಂಟಿನಿಂದ ಫೋನು ತೆಗೆದು ಕಳಿಸಿದರು.
ನನ್ನ ಗೋಡೆಯ ಪೆಟ್ಟಿಗೆ
ರಸ್ತೆಯಾಚೆಗೂ ಕೇಳುವ ಹಾಗೆ:
'ಅಂಬತ್ ರೂಪ ಲಭಿಚ್ಚು.'