ಮೂಲೆಯ ಸಂದು

ತಂಗಿಯ ಗಂಡ ಎಫ್ರಾಯಿನ್ ಎರಡು ವರ್ಷದ ಹಿಂದೆ
ಗಂಜಿತಿಳಿಯಷ್ಟು ತೆಳ್ಳಗೆ ಕಲಸಿದ್ದ ಗ್ರೌಟನ್ನು.
"ಸಲೀಸಾಗಿ ಇಳಿಯುತ್ತೆ ನೋಡು, ನೆಲಿದಾ" ಅಂದ.
ಇಳಿಯಿತು ಸಲೀಸಾಗಿ.
ಒಂದು ಚಳಿಗಾಲ ದಾಟುವುದರೊಳಗೆ
ಅಷ್ಟೇ ಸಲೀಸಾಗಿ ಪುಡಿಯುದುರಿ ಹೊರಗೆ ಬಂತು.

ಕೆಳಮನೆಯವರ ಸೂರಿನಲ್ಲಿ ಮೂಡಿತು ಕಂದು ಕಲೆ,
ಮೊದಲು ನಾಣ್ಯದಷ್ಟು, ಆಮೇಲೆ ತಟ್ಟೆಯಷ್ಟು.
ಅವರು ಜಗಳಕ್ಕೆ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ
ಮೇಲಕ್ಕೊಮ್ಮೆ ನೋಡುತ್ತಿದ್ದರು, ಅಷ್ಟೆ.

ಈ ಸಲ ನಾನೇ ಅಂತ ಹೊರಟೆ.
ಮೀನು ಡಬ್ಬಿಯ ಕಾರ್ಖಾನೆಗೆ ವಾರದ ರಜೆ ಬರೆದುಕೊಟ್ಟು
ಹಳೆಯದನ್ನು ಎಬ್ಬಿಸಿ, ಹೊಸ ಟೈಲ್ಸು ಕೂರಿಸಿ,
ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟು,
ಎದುರುಮನೆಯ ಒಟಿಲಿಯಾಳನ್ನು ಕರೆದೆ.
ತಾಲ್ಕವಾನೋದ ಈ ಗುಡ್ಡದ ಅರ್ಧ ಬಚ್ಚಲುಗಳಿಗೆ
ಟೈಲ್ಸು ಹಾಕಿದವನು ಅವಳ ಗಂಡ;
ನಲವತ್ತು ವರ್ಷ ಗ್ರೌಟು ಕಲಸಿಕೊಟ್ಟವಳು ಅವಳು.
ಯಾವ ಬಿಲ್ಲಿನಲ್ಲೂ ಅವಳ ಹೆಸರಿಲ್ಲ.

ಬಂದವಳೇ ಚಮಚದ ಹಿಡಿಯಿಂದ
ಒಂದೊಂದೇ ಟೈಲನ್ನು ತಟ್ಟಿ ಕಿವಿಗೊಟ್ಟಳು,
ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆ.
ಕಿಟಕಿಯ ಕೆಳಗೆ ಒಂದೇ ಒಂದು ಪೊಳ್ಳು ಸದ್ದು.
ಕಿತ್ತು ಕೂರಿಸಲು ಇನ್ನೊಂದು ದಿನ ಹೋಯಿತು.
ಸಂದಿಗೆ ಉಕ್ಕಿ ಕಲ್ಲಾದ ಅಂಟನ್ನು
ಮೊಳೆಯಿಂದ ಕೆರೆಸಿದಳು, ಮೂರು ತಾಸು.
"ಜಾಗವೇ ಇಲ್ಲದ ಕಡೆ ಏನು ತುಂಬುತ್ತೀ?"

ನೀರಿಗೆ ಪುಡಿ, ಪುಡಿಗೆ ನೀರಲ್ಲ.
ಚಮಚ ಬೋರಲು ಹಾಕಿದರೂ ಬೀಳಬಾರದು.
ಕಲಸಿ ಹತ್ತು ನಿಮಿಷ ಅದರ ಪಾಡಿಗೆ ಬಿಡಬೇಕು.
ಬಕೆಟ್ಟಿನ ಪಕ್ಕ ಕೂತು ಚಹಾ ಕುಡಿದೆವು.
ಬಿಗಿದುಕೊಂಡಿತಲ್ಲ ಎಂದು ನಾನು ಹೂಜಿಗೆ ಕೈಹಾಕಿದರೆ
ಕೈಮೇಲೆ ಒಂದು ಬಿಟ್ಟಳು.
"ಬರೀ ತಿರುವು. ಮತ್ತೆ ಸಡಿಲವಾಗುತ್ತೆ."
ಆಯಿತು.

ಕರಣೆಯನ್ನು ಸಂದಿನುದ್ದಕ್ಕೆ ಎಳೆದರೆ
ತುಂಬಿದ್ದನ್ನೇ ಅಗೆದು ತೆಗೆಯುತ್ತದೆ;
ಓರೆಯಾಗಿ ಎಳೆ, ಮೂಲೆಯಿಂದ ಮೂಲೆಗೆ, ಒತ್ತಿ.
ಸ್ಪಂಜು ಹಿಂಡು. ಇನ್ನೂ ಹಿಂಡು.
ನಿನ್ನ ಮೊಣಕೈ ನೋಯುವ ತನಕ ಹಿಂಡು.
ಒಂದು ಕಡೆ ಒಂದೇ ಸಲ ಒರೆಸು, ಮಗ್ಗುಲು ತಿರುಗಿಸು.

ಸಂಜೆಗೆ ಟೈಲ್ಸಿನ ಮೇಲೆಲ್ಲ
ಬಂದರಿನ ಬೆಳಗಿನ ಮಂಜಿನಂಥ ಬಿಳಿ ಪೊರೆ.
ಕೆಟ್ಟಿತು ಅಂದುಕೊಂಡೆ.
ಅವಳು ಗಂಡನ ಹಳೆಯ ಅಂಗಿಯ ತೋಳು ಹರಿದು
ಒಣಗಿದ ಬಟ್ಟೆಯಲ್ಲಿ ತಿಕ್ಕಿದಳು:
ಹಸಿರು ಹೊಳೆಯಿತು, ಗೆರೆ ನಿಂತವು.

ಆದರೆ ಗೋಡೆಗೆ ಗೋಡೆ ಕೂಡುವ ಮೂಲೆ
ಮೇಲಿಂದ ಕೆಳಗೆ ಖಾಲಿ.
"ಇದನ್ನು ಮರೆತೆಯಲ್ಲ, ಒಟಿಲಿಯಾ?"
"ಮರೆಯಲಿಲ್ಲ.
ದೊಡ್ಡ ಕಂಪನದ ರಾತ್ರಿ ನೀನು ಇಲ್ಲೇ ಇದ್ದೆ ತಾನೇ?
ಎರಡು ಗೋಡೆ ಒಂದೇ ಥರ ಅಲುಗುವುದಿಲ್ಲ.
ನಡುವೆ ಗಟ್ಟಿ ತುಂಬಿದರೆ ಅಲ್ಲೇ ಮೊದಲು ಬಿರುಕು.
ನಾಳೆ ಸಿಲಿಕೋನ್ ತಾ. ಅದು ಎಳೆದರೆ ಬರುತ್ತೆ,
ಬಿಟ್ಟರೆ ಹೋಗುತ್ತೆ."
ಆಮೇಲೆ, ಸ್ಪಂಜು ತೊಳೆಯುತ್ತ, ಯಾರಿಗೋ ಎಂಬಂತೆ:
"ನಾವಿಬ್ಬರೂ ಹಾಗೇ ಉಳಿದದ್ದು."

ಅವಳು ಹೋದ ಮೇಲೆ, ಗಟ್ಟಿಯಾಯಿತೇ ನೋಡೋಣವೆಂದು
ಕಿಟಕಿಯ ಕೆಳಗೆ ಹೆಬ್ಬೆರಳು ಒತ್ತಿದೆ.
ಆಗಿರಲಿಲ್ಲ.
ಮರುದಿನ ಬಂದವಳು ಗೋಡೆಯುದ್ದಕ್ಕೂ ಬೆರಳಾಡಿಸಿದಳು,
ಆ ಗುಂಡಿಯ ಹತ್ತಿರ ಬೆರಳು ನಿಂತಿತು,
ನನ್ನ ಕೈ ನೋಡಿದಳು, ಮುಂದೆ ಹೋದಳು.

ಮೂರು ದಿನ ಅವಳ ಮನೆಯಲ್ಲೇ ಸ್ನಾನ.
ಉಳಿದ ಒಣ ಪುಡಿಯನ್ನು ಕಾಫಿ ಜಾಡಿಗೆ ತುಂಬಿ
ಮುಚ್ಚಳದ ಮೇಲೆ ಬಣ್ಣದ ನಂಬರು ಬರೆದುಕೊಟ್ಟಳು:
"ಮುಂದೆ ರಿಪೇರಿಗೆ ಬೇಕಾಗುತ್ತೆ, ಯಾರಿಗಾದರೂ.
ಎಫ್ರಾಯಿನ್ ಕೈಗೆ ಮಾತ್ರ ಸಿಗದ ಹಾಗಿಡು."